ಕಾಕತಾಳೀಯವೆಂಬ ಶಬ್ದದ ವಿಮರ್ಶೆ

ಕನ್ನಡದ ವೃತ್ತಪತ್ರಗಳಲ್ಲಿಯೂ ಗ್ರಂಥವಿಮರ್ಶೆಗಳಲ್ಲಿಯೂ ಸಭೆಗಳ ಭಾಷಣಗಳಲ್ಲಿಯೂ ಈಗ ಬಹಳ ಬಳಕೆಯಲ್ಲಿರುವ ಸಂಸ್ಕೃತ ಶಬ್ದಗಳಲ್ಲಿ ‘ಕಾಕತಾಳೀಯ’ವೆಂಬದೊಂದು. ಹಳೆಯ ಗೆಳೆಯರಿಬ್ಬರು ಹುಬ್ಬಳ್ಳಿಯ ರೇಲ್ವೆ ನಿಲ್ದಾಣದಲ್ಲಿ ಎದುರುಬದುರಾದರೆ ಅದು ಕಾಕತಾಳೀಯವೆನಿಸುವದು. ಒಂದು ಔಷಧವು ಹತ್ತು ಜನರಲ್ಲಿ ಆರು ಜನರಿಗೆ ಗುಣಕೊಟ್ಟು ನಾಲ್ವರಿಗೆ ಕೊಡದೆ ಹೋದರೆ ಅದರ ಗುಣವೂ ಕಾಕತಾಳೀಯವೆನಿಸುವದು. ಕಟ್ಟಿ ಎರಡು ಮಳೆಗಾಲ ಕಳೆಯುವದರೊಳಗಾಗಿ ಗೋಡೆಯೊಂದು ಕುಸಿದರೆ, ಕೆಲಸಗಾರರು ಅದರ ನೆರಳಿನಲ್ಲಿ ಕುಳಿತದ್ದೂ ಗೋಡೆ ಬಿದ್ದದ್ದೂ ಕಾಕತಾಳೀಯವೆನಿಸುವದು. ಈ ಮೂರು ಪ್ರಯೋಗಗಳಲ್ಲಿ ಮೊದಲನೆಯದು ಸಾಧುವಾದದ್ದು, ಎರಡನೆಯದು ಅಸಾಧುವಾದದ್ದು, ಮೂರನೆಯದಾದರೋ ಅಸಾಧುವಾಗಿರುವದರ ಜೊತೆಗೆ ಅಪಾಯಕರವೂ ಆದದ್ದು. ಏಕೆಂದರೆ ಎರಡನೆಯ ಪ್ರಯೋಗದಿಂದ ಕೆಡುವದು ಭಾಷೆ ಮಾತ್ರ. ಮೂರನೆಯದರಿಂದ ಕೆಡುವದು ನ್ಯಾಯ.

ಶಬ್ದದ ಹುಟ್ಟನ್ನು ಮೊದಲು ನೋಡಬೇಕು. ಪಾಣಿನಿಯು ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಹೋಲಿಕೆಯನ್ನು ಸೂಚಿಸುವ ಪ್ರತ್ಯಯಗಳನ್ನು ಹೇಳುತ್ತ, ಹೋಲಿಕೆಯ ಅರ್ಥವನ್ನೇ ಒಳಗೊಂಡ ಸಮಾಸಕ್ಕೆ ಮತ್ತೊಂದು ಹೋಲಿಕೆಯ ಅರ್ಥದಲ್ಲಿ ‘ಛ’ ಎಂಬ ಪ್ರತ್ಯಯವನ್ನು ವಿಧಿಸಿರುವನು. ಆ ಛಕಾರಕ್ಕೆ ‘ಈಯ’ ಎಂಬದು ಆದೇಶವಾಗಿ ಬರುವದರಿಂದ ‘ಕಾಕತಾಲೀಯ’ ಎಂಬ ರೂಪವು ಸಿದ್ಧಿಸುವದು. ಕನ್ನಡದ ನಾಲಗೆಯು ಅದರ ಲಕಾರವನ್ನು ಳಕಾರವಾಗಿ ಮಾಡಿಕೊಂಡಿತು. ಈ ಸೂತ್ರಕ್ಕೆ ಕಾಶಿಕಾವೃತ್ತಿಯು ಮೂರು ಉದಾಹರಣೆಗಳನ್ನು ಕೊಡುವದು: ಕಾಕತಾಲೀಯ, ಅಜಾಕೃಪಾಣೀಯ, ಅಂಧಕವರ್ತಕೀಯ. ಕಾಗೆ ಮತ್ತು ತಾಳೆಯ ಹಣ್ಣು, ಆಡು ಮತ್ತು ಕತ್ತಿ, ಕುರುಡ ಮತ್ತು ಲಾವಿಗೆ ಹಕ್ಕಿ, ಇವು ಆ ಮೂರು ಜೋಡಿಗಳು. ಯಾರೂ ಊಹಿಸದೆ ಇದ್ದದ್ದು ಒದಗಿಬಂದು ಸೋಜಿಗವನ್ನುಂಟುಮಾಡುವದೇ ಈ ಮೂರರ ಸಮಾನವಾದ ಅರ್ಥ.

ಕಾಶಿಕಾಕಾರರು ಈ ಶಬ್ದದೊಳಗೆ ಒಂದಲ್ಲ, ಎರಡು ಉಪಮೆಗಳಿವೆಯೆಂದು ತೋರಿಸಿರುವದು ಬಹಳ ಮಾರ್ಮಿಕವಾಗಿದೆ. ಕಾಗೆಯು ತನ್ನ ಪಾಡಿಗೆ ತಾನು ಬಂದಿತು. ಸೇರಿಗೂ ಮಿಕ್ಕಿ ತೂಗುವ ತಾಳೆಯ ಹಣ್ಣು ತನ್ನ ಪಾಡಿಗೆ ತಾನು ಬಿದ್ದಿತು. ಬಿದ್ದ ಹಣ್ಣಿನಿಂದ ಕಾಗೆ ಸತ್ತಿತು. ಅದರಂತೆ ದೇವದತ್ತನೆಂಬವನು ದಾರಿಯಲ್ಲಿ ಬಂದನು. ಕಳ್ಳರು ಅದೇ ದಾರಿಗೆ ಬಂದರು. ಕಳ್ಳರಿಂದ ಅವನು ಸತ್ತನು. ಇಲ್ಲಿ ದೇವದತ್ತನೂ ಕಳ್ಳರೂ ಕೂಡಿದ್ದು ಕಾಗೆಯೂ ಹಣ್ಣೂ ಕೂಡಿದಂತೆ. ಇದು ಮೊದಲನೆಯ ಉಪಮೆ, ಇದನ್ನು ಸಮಾಸವು ಹೇಳುವದು. ಆ ಕೂಟದಿಂದ ದೇವದತ್ತನಿಗೆ ಒದಗಿದ ಮರಣವು ಕಾಗೆಗೆ ಒದಗಿದ ಮರಣದಂತೆ. ಇದು ಎರಡನೆಯ ಉಪಮೆ, ಇದನ್ನು ಪ್ರತ್ಯಯವು ಹೇಳುವದು. ತಾತ್ಪರ್ಯವೇನಂದರೆ, ಕೂಟ ಬೇರೆ, ಕೂಟದ ಫಲ ಬೇರೆ. ಯಾದೃಚ್ಛಿಕವಾದದ್ದು ಕೂಟವು, ಫಲವು ಯಾದೃಚ್ಛಿಕವಲ್ಲ. ಅಷ್ಟು ಭಾರದ ಹಣ್ಣು ಅಷ್ಟು ಎತ್ತರದಿಂದ ತಲೆಯ ಮೇಲೆ ಬಿದ್ದ ಬಳಿಕ ಕಾಗೆ ಸಾಯುವದರಲ್ಲಿ ಆಕಸ್ಮಿಕವೇನೂ ಇಲ್ಲ. ಈ ಎರಡನ್ನೂ ಒಂದೇ ಶಬ್ದದೊಳಗೆ ಬೇರೆಬೇರೆಯಾಗಿ ಇಟ್ಟಿದ್ದೇ ವೈಯಾಕರಣರ ಜಾಣತನ. ಆ ಬೇಧವನ್ನು ಮರೆತದ್ದೇ ಇಂದಿನ ಪ್ರಯೋಗದ ಮೂಲದೋಷ.

ಇದೇ ಕಥೆಯು ಅಲಂಕಾರಶಾಸ್ತ್ರಕ್ಕೆ ಬಂದಾಗ ಅದರ ಕೊನೆಯೇ ಬದಲಾಯಿತು. ಹದಿನಾರನೆಯ ಶತಮಾನದ ಅಪ್ಪಯ್ಯ ದೀಕ್ಷಿತರು ಕುವಲಯಾನಂದದ ಲುಪ್ತೋಪಮೆಯ ಪ್ರಕರಣದಲ್ಲಿ ಈ ಶಬ್ದವನ್ನು ಎತ್ತಿಕೊಂಡು, ಪ್ರಿಯೆಯೊಬ್ಬಳು ಏಕಾಂತದಲ್ಲಿ ಅನಿರೀಕ್ಷಿತವಾಗಿ ದೊರೆತ ಸಂದರ್ಭಕ್ಕೆ ಅನ್ವಯಿಸಿರುವರು. ಅಲ್ಲಿ ಕಾಗೆ ಸಾಯುವದಿಲ್ಲ. ಬಿದ್ದು ಒಡೆದ ಹಣ್ಣನ್ನು ತಿಂದು ಸುಖಪಡುವದು. ವೈಯಾಕರಣರ ಕಾಗೆಗೆ ಮರಣ, ಆಲಂಕಾರಿಕರ ಕಾಗೆಗೆ ಮೃಷ್ಟಾನ್ನ! ಕಾಗೆಯೂ ಅದೇ, ಹಣ್ಣೂ ಅದೇ, ಕೂಟವೂ ಅದೇ. ಫಲ ಮಾತ್ರ ಪೂರ್ವಪಶ್ಚಿಮ. ಹೀಗಿರುವದರಿಂದ ಕಾಕತಾಳೀಯ ಎಂಬದು ಫಲದ ಒಳಿತನ್ನಾಗಲಿ ಕೆಡುಕನ್ನಾಗಲಿ ಹೇಳುವ ಶಬ್ದವಲ್ಲ. ಕಾಕತಾಳೀಯವೆಂದ ಮಾತ್ರಕ್ಕೆ ಅದೃಷ್ಟವೆಂದು ಹಿಗ್ಗುವವರೂ, ದುರ್ದೈವವೆಂದು ಕುಗ್ಗುವವರೂ ಆ ಶಬ್ದದಲ್ಲಿಲ್ಲದ ಅರ್ಥವನ್ನು ತಮ್ಮ ಮನಸ್ಸಿನಿಂದ ತಂದು ತುಂಬುವರು.

ಕನ್ನಡದ ಜನರು ಈ ಕಥೆಯನ್ನು ಪಂಡಿತರಿಂದ ಎರವು ಪಡೆದರೋ, ತಾವೇ ಕಂಡು ಕಟ್ಟಿದರೋ, ಅವರ ಬಾಯಲ್ಲಿ ಅದು ಮೂರನೆಯ ರೂಪವನ್ನು ತಾಳಿದೆ. ಕಾಗೆ ಕೂಡುವದಕ್ಕೂ ಟೊಂಗೆ ಮುರಿಯುವದಕ್ಕೂ ಸರಿಹೋಯಿತು ಎಂಬದು ಧಾರವಾಡದ ಸೀಮೆಯಲ್ಲಿ ಹೆಂಗಸರು ಮಕ್ಕಳು ಸಹ ಆಡುವ ಮಾತು. ನೆರೆಯ ಮರಾಠಿಯಲ್ಲಿಯೂ ಇಂಥದೇ ಗಾದೆಯುಂಟು. ತಾಳೆಯ ಮರಕ್ಕೆ ಟೊಂಗೆಯೆಂಬದೇ ಇಲ್ಲ. ಆದ್ದರಿಂದ ಟೊಂಗೆ ಮುರಿಯಬೇಕಾದರೆ ಮರವೇ ಬದಲಾಗಬೇಕು, ಬೇವೋ ಹುಣಸೆಯೋ ಆಗಬೇಕು. ಮರದೊಡನೆ ಕಥೆಯ ಮರ್ಮವೂ ಬದಲಾಗಿದೆ. ಇಲ್ಲಿ ಕಾಗೆ ಸಾಯುವದೂ ಇಲ್ಲ, ತಿನ್ನುವದೂ ಇಲ್ಲ. ಇಲ್ಲಿರುವ ಪ್ರಶ್ನೆ ಒಂದೇ: ಟೊಂಗೆಯನ್ನು ಮುರಿದವರು ಯಾರು? ನೋಡಿದವರು ಕಾಗೆಯೆನ್ನುವರು. ಗಾದೆಯು ಇಲ್ಲವೆನ್ನುವದು, ಟೊಂಗೆಯು ಮೊದಲೇ ಒಣಗಿತ್ತು, ಗೆದ್ದಲು ತಿಂದಿತ್ತು, ಕಾಗೆ ಬಾರದಿದ್ದರೂ ಮುರಿಯುತ್ತಿತ್ತು. ಸಂಸ್ಕೃತದ ಕಥೆಯು ಸೋಜಿಗವನ್ನು ಹೇಳಿದರೆ, ಕನ್ನಡದ ಗಾದೆಯು ಅಪವಾದವನ್ನು ಪರಿಹರಿಸುವದು. ಗಾದೆಯ ಈ ಇಬ್ಬದಿಯ ಕೆಲಸವನ್ನು ಗಮನಿಸಬೇಕು: ಕಾಗೆಯ ಮೇಲಿನ ಸುಳ್ಳು ಹೊರೆಯನ್ನು ಅದು ಇಳಿಸುವದು, ಹಾಗೆ ಇಳಿಸುತ್ತಲೇ ಒಣಗಿದ ಟೊಂಗೆಯ ಕಡೆಗೆ ಕಣ್ಣನ್ನು ತಿರುಗಿಸುವದು. ಟೊಂಗೆಗೆ ಕಾರಣವೇ ಇಲ್ಲವೆಂದು ಗಾದೆಯು ಎಲ್ಲಿಯೂ ಹೇಳಿಲ್ಲ.

ಈಗ ಎರಡನೆಯ ಪ್ರಯೋಗಕ್ಕೆ ಬರೋಣವಾಗಲಿ. ಒಮ್ಮೆ ಆಗುವ, ಒಮ್ಮೆ ಆಗದ ಫಲಕ್ಕೆ ಕಾಕತಾಳೀಯವೆನ್ನಬಹುದೇ? ಶಾಸ್ತ್ರದಲ್ಲಿ ಇದಕ್ಕೆ ಬೇರೆ ಶಬ್ದಗಳುಂಟು. ತಿಳಿವಳಿಕೆಯಿಲ್ಲದವನು ಮಾಡಿದ ಕೆಲಸವು ತಿಳಿದವನು ಮಾಡಿದಂತೆ ಕಂಡರೆ ಅದು ಘುಣಾಕ್ಷರ. ಮರವನ್ನು ಕೊರೆಯುವ ಹುಳವು ಹೊಟ್ಟೆಯ ಪಾಡಿಗಾಗಿ ಕೊರೆದ ಗೆರೆಯು ಒಂದೆಡೆಯಲ್ಲಿ ಅಕ್ಷರದಂತೆ ಕಂಡೀತು. ಅಷ್ಟರಿಂದ ಹುಳವು ಅಕ್ಷರಸ್ಥನೆನಿಸದು. ಲೆಕ್ಕದ ರೀತಿಯನ್ನರಿಯದೆ ಸರಿಯಾದ ಉತ್ತರವನ್ನು ಬರೆದ ಹುಡುಗನ ಉತ್ತರವು ಘುಣಾಕ್ಷರವು. ಒಂದು ಸಾರೆ ನಿಜವಾದ ಭವಿಷ್ಯದ ಬಲದಿಂದ ನೂರು ಮನೆಗಳಲ್ಲಿ ಮನ್ನಣೆ ಪಡೆಯುವವನ ಭವಿಷ್ಯವೂ ಘುಣಾಕ್ಷರವು. ಕಾಕತಾಳೀಯದಲ್ಲಿ ಎರಡು ಘಟನೆಗಳುಂಟು, ಕರ್ತೃವಿನ ಪ್ರಶ್ನೆಯಿಲ್ಲ. ಘುಣಾಕ್ಷರದಲ್ಲಿ ಕರ್ತೃವುಂಟು, ಅವನಿಗೆ ಜ್ಞಾನವಿಲ್ಲ. ಈ ಎರಡನ್ನು ಬೆರೆಸಿದರೆ ಹುಳಕ್ಕೆ ಪಾಂಡಿತ್ಯವನ್ನು ಕಟ್ಟಿದಂತಾಗುವದು.

ಮೇಲ್ಕಾಣಿಸಿದ ಔಷಧದ ಗುಣವಾದರೋ ಕಾಕತಾಳೀಯವೂ ಅಲ್ಲ, ಘುಣಾಕ್ಷರವೂ ಅಲ್ಲ. ಅದಕ್ಕೆ ಒಪ್ಪುವ ಶಬ್ದವು ‘ಪಾಕ್ಷಿಕ’. ಇಂದಿನ ವಾಚಕರು ಈ ಶಬ್ದವನ್ನು ಕೇಳಿದೊಡನೆ ಹದಿನೈದು ದಿನಕ್ಕೊಮ್ಮೆ ಬರುವ ಪತ್ರಿಕೆಯನ್ನು ನೆನೆಯುವರು; ಅದೂ ಸಾಧುವಾದ ಅರ್ಥವೇ. ಆದರೆ ಪಕ್ಷವೆಂದರೆ ಮಗ್ಗುಲು ಎಂದು ಕೂಡ ಅರ್ಥವಿದ್ದು, ಒಂದು ಪಕ್ಷದಲ್ಲಿ ಉಂಟು, ಇನ್ನೊಂದು ಪಕ್ಷದಲ್ಲಿ ಇಲ್ಲ ಎಂಬುವದನ್ನು ಶಾಸ್ತ್ರಕಾರರು ಪಾಕ್ಷಿಕವೆಂದರು. ಮೀಮಾಂಸಕರು ಇದನ್ನು ಬತ್ತದ ದೃಷ್ಟಾಂತದಿಂದ ವಿವರಿಸುವರು. ಯಾಗಕ್ಕಾಗಿ ಬತ್ತದ ಹೊಟ್ಟನ್ನು ತೆಗೆಯಬೇಕಾಗಿದೆ. ಅದನ್ನು ಒನಕೆಯಿಂದ ಕುಟ್ಟಿಯೂ ತೆಗೆಯಬಹುದು, ಉಗುರಿನಿಂದ ಸುಲಿದೂ ತೆಗೆಯಬಹುದು; ಹೀಗಾಗಿ ಕುಟ್ಟುವದು ಒಂದು ಪಕ್ಷದಲ್ಲಿ ಮಾತ್ರ ಪ್ರಾಪ್ತವಾಗುವದು. ಆಗ ವೇದವು ಕುಟ್ಟಿಯೇ ತೆಗೆಯಬೇಕೆಂದು ವಿಧಿಸಿದರೆ ಆ ವಿಧಿಗೆ ನಿಯಮವೆಂದು ಹೆಸರು. ಎಲ್ಲಿ ಪಾಕ್ಷಿಕವೋ ಅಲ್ಲಿ ನಿಯಮಕ್ಕೆ ಎಡೆ. ಮೀಮಾಂಸಕರು ಸಾಧನದ ವಿಷಯದಲ್ಲಿ ಹೇಳಿದ ಈ ಮಾತನ್ನು ಫಲದ ವಿಷಯಕ್ಕೂ ಹಿಗ್ಗಿಸಿದರೆ ಒಂದು ದೊಡ್ಡ ಪ್ರಯೋಜನವುಂಟು. ಕಾಕತಾಳೀಯಕ್ಕೆ ಯಾವ ನಿಯಮವೂ ಮದ್ದಾಗಲಾರದು. ಪಾಕ್ಷಿಕಕ್ಕೆ ನಿಯಮವೇ ಮದ್ದು.

ಒಕ್ಕಲುತನದಿಂದ ಇದನ್ನು ಸ್ಪಷ್ಟಪಡಿಸಬಹುದು. ನವಲಗುಂದದ ಎರೆಹೊಲಗಳಲ್ಲಿ ಹಿಂಗಾರಿಗೆ ಜೋಳ ಕಡಲೆಗಳನ್ನು ಬಿತ್ತುವರು. ಕೂರಿಗೆಯ ತಾಳಿನಿಂದ ಇಳಿದ ಒಂದು ಕಾಳು ಮೊಳೆಯುವದೋ ಇಲ್ಲವೋ ಎಂದು ಕೇಳಿದರೆ ಬ್ರಹ್ಮನೂ ಹೇಳಲಾರನು. ಆದರೆ ನೂರು ಕಾಳುಗಳಲ್ಲಿ ಎಷ್ಟು ಮೊಳೆಯಬೇಕೆಂಬದು ಗೊತ್ತಿಲ್ಲದ ಮಾತಲ್ಲ. 1966ರ ಬೀಜಗಳ ಕಾಯಿದೆಯ ಅನ್ವಯ ಗೊತ್ತುಪಡಿಸಿದ ಪ್ರಮಾಣದಂತೆ ಜೋಳದ ಬೀಜದಲ್ಲಿ ನೂರಕ್ಕೆ 75, ಕಡಲೆಯಲ್ಲಿ ನೂರಕ್ಕೆ 85 ಕಾಳುಗಳಾದರೂ ಮೊಳೆಯುವ ಶಕ್ತಿಯುಳ್ಳವಾಗಿರಬೇಕು. ಒಂದರಲ್ಲಿ ಸಂದಿಗ್ಧವಾದದ್ದು ನೂರರಲ್ಲಿ ನಿಯತವಾಯಿತು. ಇನ್ನು ಹೊಲದಲ್ಲಿ ನೂರಕ್ಕೆ ನಲವತ್ತೇ ಮೊಳೆತವೆಂದು ತಿಳಿಯೋಣ. ಕಾಕತಾಳೀಯವೆಂದರೆ ವಿಚಾರವು ಅಲ್ಲಿಗೇ ಮುಗಿಯಿತು. ದೈವವನ್ನು ಬಯ್ದು ಮನೆಗೆ ಬರುವದಷ್ಟೇ ಉಳಿಯಿತು. ಪಾಕ್ಷಿಕವೆಂದರೆ ವಿಚಾರವು ಅಲ್ಲಿಂದ ಮೊದಲಾಗುವದು: ಬೀಜವು ಹಳೆಯದೇ? ನೆಲದಲ್ಲಿ ಹಸಿಯಿತ್ತೇ? ಕೂರಿಗೆಯು ಹೆಚ್ಚು ಆಳಕ್ಕೆ ಹೋಯಿತೇ? ಬೀಜದ ಚೀಲದ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ಹೊಂದಿಕೆಯುಂಟೇ? ಒಂದು ಶಬ್ದವು ಒಕ್ಕಲಿಗನನ್ನು ಕೈಕಟ್ಟಿ ಕೂಡ್ರಿಸುವದು, ಇನ್ನೊಂದು ಅವನನ್ನು ಎಬ್ಬಿಸಿ ಕೇಳಲು ಹಚ್ಚುವದು. ಶಬ್ದದ ಆಯ್ಕೆಯು ಪಂಡಿತರ ಹೊತ್ತುಗಳೆಯುವಿಕೆಯಲ್ಲವೆಂಬದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವು ಬೇಕಾಗದು.

ಸಾಹಿತ್ಯವಿಮರ್ಶೆಯಲ್ಲಿಯೂ ಈ ವಿವೇಕವು ಅವಶ್ಯವಾದದ್ದು. ಕಥೆಯಲ್ಲಿ ಅನಿರೀಕ್ಷಿತವಾದದ್ದೇನಾದರೂ ಒದಗಿದರೆ ಕಾಕತಾಳೀಯ ದೋಷವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವ ವಿಮರ್ಶಕರುಂಟು. ಅವರ ಮಾತು ನಿಜವಾದರೆ ಉಂಗುರವನ್ನು ನೆಚ್ಚಿದ ಎರಡು ಮಹಾನಾಟಕಗಳು ನಿಲ್ಲಲಾರವು. ಶಾಕುಂತಲದಲ್ಲಿ ಶಚೀತೀರ್ಥದ ನೀರಿನಲ್ಲಿ ಜಾರಿದ ಉಂಗುರವನ್ನು ಮೀನು ನುಂಗುವದೂ, ಆ ಮೀನು ಬೆಸ್ತನ ಬಲೆಗೆ ಬೀಳುವದೂ ಯಾದೃಚ್ಛಿಕವೇ ಸರಿ. ಆದರೆ ಕಾಳಿದಾಸನು ಆ ಯದೃಚ್ಛೆಯ ಕೈಗೆ ಏನನ್ನು ಕೊಟ್ಟನೆಂಬದನ್ನು ನೋಡಬೇಕು. ಉಂಗುರವು ದುಷ್ಯಂತನಿಗೆ ನೆನಪನ್ನು ಮಾತ್ರ ತಂದುಕೊಟ್ಟಿತು, ಶಕುಂತಲೆಯನ್ನು ತಂದುಕೊಡಲಿಲ್ಲ. ನೆನಪಿನಿಂದ ಬಂದದ್ದು ಪಶ್ಚಾತ್ತಾಪ. ಪಶ್ಚಾತ್ತಾಪದಲ್ಲಿ ಬೆಂದ ಬಳಿಕವೇ ಮಾರೀಚಾಶ್ರಮದ ಸಮಾಗಮ. ಕೂಟವು ಆಕಸ್ಮಿಕ, ಫಲವು ಅರ್ಜಿತ. ಕಾಶಿಕೆಯ ಎರಡು ಉಪಮೆಗಳ ಬೇಧವನ್ನು ಕವಿಯು ರಂಗದ ಮೇಲೆ ಆಡಿಸಿ ತೋರಿಸಿದಂತಾಯಿತು. ಚುರಮುರಿ ಶೇಷಗಿರಿರಾಯರ ಕನ್ನಡ ಶಾಕುಂತಲದ ಮೂಲಕ ಈ ನಾಟಕವನ್ನು ತಮ್ಮದಾಗಿಸಿಕೊಂಡ ಕನ್ನಡಿಗರಿಗೆ ಇದು ಅಪರಿಚಿತವಾದ ವಿಷಯವಲ್ಲ.

ಮುದ್ರಾರಾಕ್ಷಸದಲ್ಲಿ ವಿಶಾಖದತ್ತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವನು. ಚಂದನದಾಸನ ಮನೆಯಿಂದ ಕೂಸೊಂದು ಹೊರಗೆ ಓಡಿಬರುವದು. ಅದನ್ನು ಒಳಗೆಳೆಯುವ ಹೆಂಗಸಿನ ಬೆರಳಿನಿಂದ ರಾಕ್ಷಸನ ಮುದ್ರೆಯುಂಗುರವು ಜಾರಿ ಉರುಳಿ ಚಾಣಕ್ಯನ ಗೂಢಚಾರನ ಕಾಲಬಳಿ ಬಂದು ನಿಲ್ಲುವದು. ಮೇಲ್ನೋಟಕ್ಕೆ ಇದಕ್ಕಿಂತ ದೊಡ್ಡ ಕಾಕತಾಳೀಯವಿಲ್ಲ. ಆದರೆ ಗೂಢಚಾರನು ಅಲ್ಲಿಗೆ ಕಾಗೆಯಂತೆ ಬಂದವನಲ್ಲ. ಯಮಪಟವನ್ನು ತೋರಿಸುವವನ ವೇಷದಿಂದ ಮನೆಮನೆಗೆ ತಿರುಗಲು ಚಾಣಕ್ಯನೇ ಅವನನ್ನು ನೇಮಿಸಿದ್ದನು. ಇಂಥಿಂಥ ಬಾಗಿಲಿನಲ್ಲಿ ಇಂಥದೇ ದೊರೆತೀತೆಂದು ಚಾಣಕ್ಯನೂ ಅರಿಯನು; ಎಲ್ಲ ಬಾಗಿಲುಗಳಲ್ಲಿಯೂ ಕಣ್ಣಿಟ್ಟರೆ ಏನಾದರೊಂದು ದೊರೆತೀತೆಂಬದನ್ನು ಮಾತ್ರ ಅರಿತಿದ್ದನು. ಕೈಗೆ ಬಂದ ಉಂಗುರದಿಂದ ಅವನು ಕೂಡಲೆ ಪತ್ರವೊಂದಕ್ಕೆ ಮುದ್ರೆಯೊತ್ತಿಸಿ ರಾಕ್ಷಸನ ಇಡೀ ನೀತಿಯನ್ನು ಮಗುಚಿಹಾಕಿದನು. ಪಾಕ್ಷಿಕವನ್ನು ನಿಯಮದಿಂದ ಗೆಲ್ಲುವದೆಂದರೆ ಇದು. 1823ರಲ್ಲಿ ಕೆಂಪುನಾರಾಯಣನು ಈ ಕಥೆಯನ್ನು ಕನ್ನಡ ಗದ್ಯದಲ್ಲಿ ಬರೆದು ‘ಮುದ್ರಾಮಂಜೂಷ’ವೆಂದು ಹೆಸರಿಟ್ಟು, ಆ ಮುದ್ರೆಯನ್ನೇ ಗ್ರಂಥದ ಹಣೆಯ ಮೇಲಿರಿಸಿದನು. ಆದ್ದರಿಂದ ವಿಮರ್ಶಕರು ಕೇಳಬೇಕಾದದ್ದು ಕಥೆಯಲ್ಲಿ ಕಾಕತಾಳೀಯವಿದೆಯೋ ಇಲ್ಲವೋ ಎಂದಲ್ಲ. ಕವಿಯು ಅದರಿಂದ ಗಂಟು ಹಾಕಿದನೋ, ಇಲ್ಲವೆ ಬಿಡಿಸಲಾರದ ಗಂಟನ್ನು ಅದರಿಂದಲೇ ಕತ್ತರಿಸಿದನೋ ಎಂಬದನ್ನು ಕೇಳಬೇಕು. ಮೊದಲನೆಯದು ಗುಣ, ಎರಡನೆಯದು ದೋಷ.

ಇನ್ನು ಮೂರನೆಯ ಪ್ರಯೋಗ, ಕುಸಿದ ಗೋಡೆಯದು. ಇದರ ವಿಚಾರಕ್ಕೆ ಹೊಲವನ್ನು ಬಿಟ್ಟು ಕಾರಖಾನೆಯ ಕಡೆಗೆ ಬರಬೇಕು. 1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಒಂದೇ ಮಹಾನಗರಪಾಲಿಕೆಯಾದ ಬಳಿಕ ಎರಡೂ ಪೇಟೆಗಳ ನಡುವಣ ಮತ್ತು ಸುತ್ತಲಿನ ಹಳ್ಳಿಗಳ ರೂಪವು ಬದಲಾಗುತ್ತ ಬಂದಿತು. ಧಾರವಾಡದ ಲಕಮನಹಳ್ಳಿಯ ಹೆಸರು ಇಂದು ಅನೇಕರಿಗೆ ಊರಿನ ಹೆಸರೆಂಬದಕ್ಕಿಂತ ಕೈಗಾರಿಕಾ ಪ್ರದೇಶದ ಹೆಸರೆಂದೇ ಪರಿಚಿತವು. ಮಳೆಯ ಮಾತನ್ನಾಡುತ್ತಿದ್ದ ಹಳ್ಳಿಗಳಲ್ಲಿ ಈಗ ಯಂತ್ರದ ಮಾತೂ ಸೇರಿಕೊಂಡಿದೆ. ಮಳೆಯ ವಿಷಯದಲ್ಲಿ ಸಂದಿಗ್ಧತೆಯನ್ನು ತಾಳಿಕೊಳ್ಳಲು ಕಲಿತ ಜನರು ಯಂತ್ರದ ವಿಷಯದಲ್ಲಿಯೂ ಅದೇ ತಾಳ್ಮೆಯನ್ನು ತೋರಿಸಿದರೆ ಕೇಡಾಗದಿರದು. ಏಕೆಂದರೆ ಮೋಡವನ್ನು ಯಾರೂ ಕಟ್ಟಿಲ್ಲ, ಯಂತ್ರವನ್ನೂ ಗೋಡೆಯನ್ನೂ ಯಾರೋ ಕಟ್ಟಿರುವರು.

ವೃತ್ತಪತ್ರಗಳು ‘ಬೆಂಕಿ ಆಕಸ್ಮಿಕ’ವೆಂದು ತಲೆಬರಹವಿಡುವ ರೂಢಿಯುಂಟು. ಅಕಸ್ಮಾತ್ ಎಂದರೆ ಯಾವದರಿಂದಲೂ ಅಲ್ಲ, ಎಲ್ಲಿಂದಲೂ ಅಲ್ಲ ಎಂದು ಅರ್ಥ. ತಲೆಬರಹದಲ್ಲಿ ಎಲ್ಲಿಂದಲೂ ಅಲ್ಲವೆಂದು ಹೇಳಿದ ಪತ್ರವೇ ನಾಲ್ಕನೆಯ ಸಾಲಿನಲ್ಲಿ ಸವೆದ ವಿದ್ಯುತ್ ತಂತಿಯಿಂದ ಬೆಂಕಿ ಹುಟ್ಟಿತೆಂದು ಹೇಳುವದು! ತಂತಿ ಸವೆದದ್ದು ಟೊಂಗೆ ಒಣಗಿದಂತೆ. ಆ ಗಳಿಗೆಯಲ್ಲಿ ಅಲ್ಲಿ ಯಾರು ನಿಂತಿದ್ದರೆಂಬದಷ್ಟೇ ಕಾಕತಾಳೀಯ. ತಂತಿ ಸುಟ್ಟದ್ದು ಕಾಕತಾಳೀಯವಲ್ಲ, ಸುಟ್ಟ ತಂತಿಯಿಂದ ಮನುಷ್ಯನು ನೊಂದದ್ದಂತೂ ಅಲ್ಲವೇ ಅಲ್ಲ. ಈ ಬೇಧವು ಶಾಸನಕಾರರಿಗೂ ಹೊಳೆದಿತ್ತು. 1923ರ ಕಾರ್ಮಿಕರ ಪರಿಹಾರದ ಕಾಯಿದೆಯು ಅಪಘಾತವು ಯಾರಾದರೂ ಬಯಸಿ ಮಾಡಿದ್ದೇ ಎಂದು ಕೇಳಲಿಲ್ಲ. ಕೆಲಸದ ದೆಸೆಯಿಂದಲೂ ಕೆಲಸದ ಅವಧಿಯಲ್ಲಿಯೂ ಉಂಟಾದದ್ದೇ ಎಂದು ಕೇಳಿತು. ಅವಧಿಯಲ್ಲಿ ಎಂದರೆ ಕೂಟ. ದೆಸೆಯಿಂದ ಎಂದರೆ ಸಂಬಂಧ. ಸಂಬಂಧವನ್ನು ತೋರಿಸಲಾರದ ಬಡವನ ಮನೆಗೆ ಪರಿಹಾರವಿಲ್ಲ. ಹೀಗಿರುವಾಗ ಸಂಬಂಧವಿದ್ದಲ್ಲಿಯೂ ಕಾಕತಾಳೀಯವೆಂದು ಬರೆಯುವ ಲೇಖಕನು ಅರಿಯದೆಯೇ ಒಂದು ಪಕ್ಷದ ವಕೀಲನಾಗುವನು. ಗಾದೆಯು ಕಾಗೆಯನ್ನು ಬಿಡಿಸಲು ಹುಟ್ಟಿತು. ಅದನ್ನು ಒಣಟೊಂಗೆಯ ಒಡೆಯನನ್ನು ಬಿಡಿಸಲು ಉಪಯೋಗಿಸುವದು ಗಾದೆಗೂ ಅನ್ಯಾಯ, ಕಾಗೆಗೂ ಅನ್ಯಾಯ.

ಕೊನೆಯದಾಗಿ, ಸಂದಿಗ್ಧವಾದ ಫಲವನ್ನು ಹೇಳಲು ಕನ್ನಡವು ಸಂಸ್ಕೃತದ ಬಾಗಿಲಿಗೇ ಹೋಗಬೇಕೆಂಬ ನಿರ್ಬಂಧವಿಲ್ಲ. ಪಾಕ್ಷಿಕವೆಂಬ ಶಬ್ದವು ಶಾಸ್ತ್ರಗ್ರಂಥಗಳಲ್ಲಿ ಮರಳಿ ಬಳಕೆಗೆ ಬಂದರೆ ಒಳಿತು. ಮನೆಮಾತಿನಲ್ಲಿ ಮಾತ್ರ ಅದು ಪತ್ರಿಕೆಯ ಹೆಸರಾಗಿಯೇ ಉಳಿಯುವದು. ಆದರೆ ಕನ್ನಡದ ಕ್ರಿಯಾಪದದಲ್ಲಿಯೇ ಇದಕ್ಕೊಂದು ರೂಪವುಂಟು. ಆದೀತು, ಬಂದೀತು, ಬೆಳೆದೀತು, ಬಂದಾರು, ಕೊಟ್ಟೇನು, ಇವನ್ನು ಶಾಲೆಯ ವ್ಯಾಕರಣಗಳು ಸಂಭಾವನಾರ್ಥಕ ರೂಪಗಳೆಂದು ಕರೆಯುವವು. ಬರುವದು ಎಂದರೆ ನಿಶ್ಚಯ. ಬಾರದು ಎಂದರೂ ನಿಶ್ಚಯ. ಬಂದೀತು ಎಂದರೆ ಎರಡೂ ಪಕ್ಷಗಳು ತೆರೆದಿವೆ. ಎತ್ತರದ ಕಟ್ಟೆಯ ಮೇಲೆ ಓಡುವ ಕೂಸಿಗೆ ತಾಯಿಯು ‘ಬಿದ್ದೀ!’ ಎನ್ನುವಳು. ಅವಳು ಬೀಳುವದನ್ನು ಭವಿಷ್ಯ ಹೇಳುತ್ತಿಲ್ಲ; ಬೀಳುವ ಪಕ್ಷವೂ ಉಂಟೆಂದು ಎಚ್ಚರಿಸಿ, ಬೀಳದಂತೆ ನೋಡಿಕೋ ಎನ್ನುತ್ತಿರುವಳು. ಮೀಮಾಂಸಕರು ಪಾಕ್ಷಿಕದ ಬೆನ್ನಿಗೆ ನಿಯಮವನ್ನಿರಿಸಿದರು. ಧಾರವಾಡದ ತಾಯಿಯು ಎರಡಕ್ಷರದಲ್ಲಿ ಎರಡನ್ನೂ ಇರಿಸಿದಳು.

ಈ ರೂಪವು ಬರೆಯುವ ಕನ್ನಡದಿಂದ ಜಾರಿಹೋಗುತ್ತಿರುವದು ಶೋಚನೀಯವು. ಅದರ ಸ್ಥಾನದಲ್ಲಿ ಎಲ್ಲೆಲ್ಲಿಯೂ ‘ಬಹುದು’ ಎಂಬದು ಬಂದು ಕುಳಿತಿದೆ. ಒಳಗೆ ಬರಬಹುದು ಎಂಬಲ್ಲಿ ಅಪ್ಪಣೆ, ಮಳೆ ಬರಬಹುದು ಎಂಬಲ್ಲಿ ಸಂದೇಹ. ಒಂದೇ ಮಾತಿಗೆ ಎರಡು ಕೆಲಸ. ಗೋಡೆ ಕುಸಿಯಬಹುದು ಎಂದು ಬರೆದ ವರದಿಯನ್ನು ಓದಿದ ಅಧಿಕಾರಿಯು ನಿಶ್ಚಿಂತನಾಗಿ ನಿದ್ರಿಸಿಯಾನು; ಗೋಡೆ ಕುಸಿದೀತು ಎಂಬಲ್ಲಿ ತಾಯಿಯ ದನಿಯ ಎಚ್ಚರವಿದೆ. ಮಕ್ಕಳಿಗೆ ಕನ್ನಡವನ್ನು ಕಲಿಸುವವರು ಈ ರೂಪವನ್ನು ವ್ಯಾಕರಣದ ಪಟ್ಟಿಯಲ್ಲಿ ಬಾಯಿಪಾಠ ಮಾಡಿಸಿ ಬಿಡದೆ ನಿಬಂಧಗಳಲ್ಲಿ ಬರೆಯಿಸುವದು ಉಚಿತವು. ಎರಡು ಸಂಗತಿಗಳು ಸಂಬಂಧವಿಲ್ಲದೆ ಕೂಡಿದರೆ ಕಾಕತಾಳೀಯವೆನ್ನಬೇಕು; ಅರಿಯದವನ ಕೆಲಸ ಅರಿತವನದರಂತೆ ಕಂಡರೆ ಘುಣಾಕ್ಷರವೆನ್ನಬೇಕು; ಒಮ್ಮೆ ಆಗಿ ಒಮ್ಮೆ ತಪ್ಪುವದಕ್ಕೆ ಆದೀತು ಎಂದು, ತಪ್ಪಿದ್ದೇಕೆಂದು ವಿಚಾರಿಸಬೇಕು; ಕಾರಣವು ಕಣ್ಣೆದುರಿಗೇ ಇರುವಲ್ಲಿ ಕಾರಣದ ಹೆಸರನ್ನೇ ಹೇಳಬೇಕು. ಇಷ್ಟನ್ನು ಪಾಲಿಸಿದರೆ ಕಾಗೆಯ ಮೇಲಿನ ಹೊರೆಯೂ ಇಳಿದೀತು, ಒಣಗಿದ ಟೊಂಗೆಯನ್ನು ಬೀಳುವ ಮೊದಲೇ ಕಡಿಯುವವರೂ ದೊರೆತಾರು.